ಹಡಗಿನ ಇಂಗ್ಲಿಷು, ಹರಿಗೋಲಿನ ಕನ್ನಡ

ಜನರ ಕಸುಬೇ ಅವರ ನುಡಿಗಟ್ಟುಗಳ ತವರು ಎಂಬ ಮಾತು ಉಪಾಧ್ಯಾಯ ಬಂಧುಗಳಿಗೆ ಹೊಸದಲ್ಲ. ಒಕ್ಕಲುತನದ ನಾಡಿನಲ್ಲಿ ನೇಗಿಲು, ನೊಗ, ಕಣ, ಮೊರಗಳು ಮಾತಿನೊಳಗೆ ಸೇರಿಕೊಳ್ಳುತ್ತವೆ. ನೇಯ್ಗೆಯವರಿಂದ ಹಾಸುಹೊಕ್ಕು ಎಂಬ ಮಾತು ಬರುತ್ತದೆ. ಇಂಗ್ಲಿಷರು ಹಡಗಿನವರು. ಅವರ ದ್ವೀಪದಲ್ಲಿ ಯಾವ ಊರೂ ಕಡಲಿನಿಂದ ಸುಮಾರು 113 ಕಿಲೋಮೀಟರಿಗಿಂತ ಹೆಚ್ಚು ದೂರವಿಲ್ಲ. ಆದುದರಿಂದ ಅವರ ದಿನಬಳಕೆಯ ಮಾತಿನಲ್ಲಿ ಹಾಯಿ, ಹಗ್ಗ, ಲಂಗರು, ಗಾಳಿಗಳು ತುಂಬಿಕೊಂಡಿರುವುದು ಸಹಜವೇ. ನಮ್ಮ ತಾಳವಾಡಿ ಬೆಟ್ಟದ ಹಳ್ಳಿಗಳಲ್ಲಿ ದೋಣಿ ನಡೆಯುವಂಥ ಹೊಳೆಯಿಲ್ಲ. ಪಣಕಹಳ್ಳಿಯ ಹುಡುಗನು ಹಾಯಿಹಡಗನ್ನು ಕಂಡಿದ್ದರೆ ಚಿತ್ರದಲ್ಲಿ ಕಂಡಿರಬೇಕು. ಅವನಿಗೆ ಇಂಗ್ಲಿಷಿನ ಈ ಮಾತುಗಳನ್ನು ಯಾವ ಕನ್ನಡದಿಂದ ತಿಳಿಸಬೇಕು ಎಂಬ ಪ್ರಶ್ನೆ ಮೇಲುನೋಟಕ್ಕೆ ಕೇವಲ ಬೋಧನಾಕ್ರಮದ್ದೆಂದು ತೋರುತ್ತದೆ. ಒಳಹೊಕ್ಕು ನೋಡಿದರೆ ಅದು ಎರಡು ಭಾಷೆಗಳ ದೃಷ್ಟಿಯನ್ನೇ ಕುರಿತ ಪ್ರಶ್ನೆಯಾಗುತ್ತದೆ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಇಂಗ್ಲಿಷಿನ ನೌಕಾನುಡಿಯಲ್ಲಿ ಮಾತನಾಡುವವನು ನಾವಿಕ. ಕನ್ನಡದ ದೋಣಿನುಡಿಯಲ್ಲಿ ಮಾತನಾಡುವವನು ದಡದಲ್ಲಿ ಕಾದು ನಿಂತ ಪಯಣಿಗ. ಈ ಭೇದವನ್ನು ಗಮನಿಸದೆ ಮಾಡಿದ ಅನುವಾದ ಕನ್ನಡದಲ್ಲಿ ನೆಲೆ ನಿಲ್ಲುವುದಿಲ್ಲ.

ಮೊದಲು ಇಂಗ್ಲಿಷನ್ನು ನೋಡೋಣ. 'ಟೇಕನ್ ಅಬ್ಯಾಕ್' ಎಂಬುದನ್ನು ಪ್ರೌಢಶಾಲೆಯ ಮಕ್ಕಳೂ ಓದುತ್ತಾರೆ. ದಿಗ್ಭ್ರಮೆಗೊಂಡನು, ತಬ್ಬಿಬ್ಬಾದನು ಎಂದು ಅರ್ಥ. ಹಿಂದಿನಿಂದ ಬೀಸಿ ಹಡಗನ್ನು ಮುಂದೊತ್ತಬೇಕಾದ ಗಾಳಿ ಒಮ್ಮೆಲೇ ಎದುರಿನಿಂದ ಬಡಿದು, ಹಾಯಿಯನ್ನು ಹಿಮ್ಮುಖವಾಗಿ ಕಂಬಕ್ಕೆ ಒತ್ತಿದಾಗ ಹಡಗು ತಟ್ಟನೆ ನಿಲ್ಲುತ್ತದೆ, ಕೆಲವೊಮ್ಮೆ ಹಿಂದಕ್ಕೂ ಸರಿಯುತ್ತದೆ. ಆ ಸ್ಥಿತಿಗೆ ನಾವಿಕರು ಇಟ್ಟ ಹೆಸರು ಇದು. ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಇದಕ್ಕೆ 'ಹಿಂದಕ್ಕೆ ತೆಗೆದುಕೊಳ್ಳಲ್ಪಟ್ಟನು' ಎಂಬ ಕನ್ನಡವನ್ನು ಓದುವ ಭಾಗ್ಯ ನಮ್ಮಲ್ಲಿ ಹಲವರಿಗೆ ಒದಗಿದೆ. (ಈ 'ಅಲ್ಪಡು' ಪ್ರತ್ಯಯದ ಹಾವಳಿ ಪ್ರತ್ಯೇಕ ಲೇಖನಕ್ಕೇ ತಕ್ಕ ವಿಷಯ.)

'ಬೈ ಅಂಡ್ ಲಾರ್ಜ್' ಎಂಬುದರ ಕಥೆಯೂ ಇಂಥದೇ. ಒಟ್ಟಿನಲ್ಲಿ, ಬಹುಮಟ್ಟಿಗೆ ಎಂಬ ಅರ್ಥದಲ್ಲಿ ಇಂದು ಕಚೇರಿಯ ಟಿಪ್ಪಣಿಗಳಲ್ಲಿ ಕೂಡ ಬರುವ ಈ ಮಾತಿನಲ್ಲಿ 'ಬೈ' ಎಂದರೆ ಗಾಳಿ ಬರುವ ದಿಕ್ಕಿಗೆ ಆದಷ್ಟು ಒತ್ತಿ ಸಾಗುವುದು, 'ಲಾರ್ಜ್' ಎಂದರೆ ಗಾಳಿಯನ್ನು ಹಿಂಬದಿಗೆ ಪಡೆದು ಸರಾಗವಾಗಿ ಸಾಗುವುದು. ಎರಡು ರೀತಿಯಲ್ಲೂ ಚೆನ್ನಾಗಿ ನಡೆಯುವ ಹಡಗು ಎಲ್ಲ ಹವೆಗೂ ಒಗ್ಗಿದ ಹಡಗು. ಅಲ್ಲಿಂದ 'ಒಟ್ಟಿನ ಮೇಲೆ' ಎಂಬ ಅರ್ಥ. 'ಅಲೂಫ್' ಎಂದರೆ ನಾವು ದೂರ ನಿಲ್ಲುವವನು, ಬೆರೆಯದವನು ಎನ್ನುತ್ತೇವೆ. ಗಾಳಿಯು ಹಡಗನ್ನು ದಂಡೆಯ ಬಂಡೆಗಳತ್ತ ತಳ್ಳುತ್ತಿರುವಾಗ, ಗಾಳಿಯ ಕಡೆಗೇ ಮೂತಿ ತಿರುಗಿಸಿ ದಂಡೆಯಿಂದ ದೂರವಿರು ಎಂದು ಚುಕ್ಕಾಣಿಯವನಿಗೆ ಕೊಡುತ್ತಿದ್ದ ಅಪ್ಪಣೆ ಅದು. ಹಾಗೆ ನೋಡಿದರೆ ಅಲೂಫ್ ಆಗಿರುವುದು ದುರಭಿಮಾನವೇನಲ್ಲ, ಹಡಗನ್ನು ಉಳಿಸಿಕೊಳ್ಳುವ ಉಪಾಯ! 'ಲೀವೇ' ಎಂದರೆ ಗಾಳಿಯ ಒತ್ತಡಕ್ಕೆ ಹಡಗು ತನ್ನ ದಾರಿಯಿಂದ ಪಕ್ಕಕ್ಕೆ ಜಾರಿದ ದೂರ. ಇಂದು ಅದು ನಮಗೆ ಕೊಟ್ಟ ಸಡಿಲಿಕೆ ಎಂಬ ಅರ್ಥವನ್ನು ಪಡೆದಿದೆ. ನಷ್ಟದ ಲೆಕ್ಕವೇ ಅನುಗ್ರಹದ ಲೆಕ್ಕವಾಗಿ ತಿರುಗಿದ್ದು ಭಾಷೆಯ ಚಮತ್ಕಾರ. 'ಫಸ್ಟ್ ರೇಟ್' ಎಂಬ ಹೊಗಳಿಕೆ ಬ್ರಿಟಿಷ್ ನೌಕಾದಳದ ವರ್ಗೀಕರಣದಿಂದ ಬಂತು. 100 ಅಥವಾ ಅದಕ್ಕಿಂತ ಹೆಚ್ಚು ಫಿರಂಗಿಗಳುಳ್ಳ ಯುದ್ಧನೌಕೆ ಮೊದಲ ದರ್ಜೆಯದು. 'ನೋ ದ ರೋಪ್ಸ್' ಎಂಬುದು 1840ರಲ್ಲಿ ಪ್ರಕಟವಾದ ಅಮೆರಿಕದ ರಿಚರ್ಡ್ ಹೆನ್ರಿ ಡೇನಾನ ನಾವಿಕಜೀವನದ ಪುಸ್ತಕದಲ್ಲಿ ಆಗಲೇ ಸಿಕ್ಕುತ್ತದೆ. ಹಾಯಿಹಡಗಿನ ಹಗ್ಗಗಳೋ ಅಸಂಖ್ಯ. ಯಾವ ಹಗ್ಗ ಯಾವ ಹಾಯಿಯದೆಂದು ಕತ್ತಲಲ್ಲಿಯೂ ತಿಳಿದವನೇ ಕೆಲಸ ಬಲ್ಲವನು.

ಈ ಮಾತುಗಳಲ್ಲಿ ಪ್ರಯಾಣಿಕನೆಂಬವನು ಎಲ್ಲಿಯೂ ಇಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಹಗ್ಗ ಎಳೆಯುವವನು, ಚುಕ್ಕಾಣಿ ತಿರುವುವವನು, ಗಾಳಿಯನ್ನು ಕೆನ್ನೆಯಿಂದಲೇ ಅಳೆಯುವವನು, ಇವರದೇ ಈ ಭಾಷೆ. ಕೆಲಸದ ನಡುವೆ ಕೂಗಿ ಹೇಳಿದ ಮಾತಾದ್ದರಿಂದಲೇ ಅವು ಗಿಡ್ಡವಾಗಿವೆ, ಒರಟಾಗಿವೆ.

ಹಾಗೆಂದು ಹಡಗಿನ ವಾಸನೆ ಬಂದ ಮಾತೆಲ್ಲ ಹಡಗಿನದೇ ಎಂದು ನಂಬುವುದೂ ಸಲ್ಲದು. 'ಪಾಷ್' ಎಂಬ ಪದಕ್ಕೆ ನಮ್ಮಲ್ಲಿಯೂ ಒಂದು ಕಥೆ ಪ್ರಚಾರದಲ್ಲಿದೆ. ಇಂಗ್ಲೆಂಡಿನಿಂದ ಇಂಡಿಯಾಕ್ಕೆ ಬರುವ ಸಾಹೇಬರು ಬಿಸಿಲು ತಪ್ಪಿಸಿಕೊಳ್ಳಲು ಬರುವಾಗ ಹಡಗಿನ ಎಡಬದಿಯ ಕೋಣೆಯನ್ನೂ ಹೋಗುವಾಗ ಬಲಬದಿಯ ಕೋಣೆಯನ್ನೂ ಕೇಳುತ್ತಿದ್ದರಂತೆ. ಆ ನಾಲ್ಕು ಇಂಗ್ಲಿಷ್ ಪದಗಳ ಮೊದಲಕ್ಷರ ಸೇರಿ ಈ ಪದವಾಯಿತಂತೆ. ಕಥೆ ಸೊಗಸಾಗಿದೆ, ಆಧಾರ ಮಾತ್ರ ದೊರೆತಿಲ್ಲವೆಂದು ಆಕ್ಸ್‌ಫರ್ಡ್ ಕೋಶಕಾರರು ಇದನ್ನು ಒಪ್ಪಿಲ್ಲ. ಇನ್ನೊಂದು ಉದಾಹರಣೆ ನಮ್ಮ ಕುರಿ ಸಾಕುವ ಬೆಟ್ಟದವರಿಗೆ ಪ್ರಿಯವಾಗಬಹುದು. ಅರ್ಧ ಪೆನ್ನಿಯ ಟಾರಿಗೆ ಜಿಪುಣತನ ಮಾಡಿ ಹಡಗನ್ನೇ ಕೆಡಿಸಬೇಡ ಎಂಬರ್ಥದ ಇಂಗ್ಲಿಷ್ ಗಾದೆಯುಂಟು. ಹಡಗಿಗೆ ಟಾರು ಬಳಿಯುವುದು ನಿಜವೇ ಆದ್ದರಿಂದ ಯಾರಿಗೂ ಸಂದೇಹ ಬರುವುದಿಲ್ಲ. ಆದರೆ ಮೂಲದಲ್ಲಿ ಅದು ಹಡಗಲ್ಲ, ಕುರಿ! ಇಂಗ್ಲೆಂಡಿನ ಕೆಲವು ಗ್ರಾಮ್ಯ ಉಚ್ಚಾರಣೆಗಳಲ್ಲಿ 'ಶೀಪ್' ಎಂಬುದೇ 'ಶಿಪ್' ಎಂದು ಕೇಳಿಸುತ್ತದೆ. ಕುರಿಯ ಹುಣ್ಣಿಗೆ ನೊಣ ಕೂರದಂತೆ ಟಾರು ಹಚ್ಚುವುದು ಅಲ್ಲಿನ ಕುರುಬರ ಪದ್ಧತಿ. ಕುರುಬನ ಗಾದೆಯನ್ನು ಕಡಲಿಗರ ನಾಡು ತನ್ನದಾಗಿ ಮಾಡಿಕೊಂಡಿತು. ಕಸುಬಿನ ಬಲ ಎಷ್ಟೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಕೇಳುವ ಕಿವಿಯೂ ಹಡಗಿನದಾಗಿತ್ತು.

ಈಗ ಕನ್ನಡದ ಕಡೆಗೆ ಬರೋಣ. ದೊಡ್ಡ ಹಡಗಿನ ಉಪಕರಣಗಳಿಗೆ ನಮ್ಮಲ್ಲಿರುವ ಹೆಸರುಗಳನ್ನು ತೆಗೆದುಕೊಂಡರೆ ಲಂಗರು ಪಾರಸಿಯದು, ಬಂದರು ಪಾರಸಿಯದು, ಚುಕ್ಕಾಣಿ ಅರಬ್ಬಿಯ 'ಸುಕ್ಕಾನ್'. ಪಶ್ಚಿಮ ಕರಾವಳಿಗೆ ಕುದುರೆ ತಂದು ಮೆಣಸು ಒಯ್ದ ವರ್ತಕರು ಈ ಮಾತುಗಳನ್ನೂ ಬಿಟ್ಟುಹೋದರು. ಕರಾವಳಿಯಲ್ಲಿ ಕಡಲ ಕಸುಬಿನವರಿಲ್ಲವೇ ಎಂದು ಕಾಸರಗೋಡಿನ ಮಿತ್ರರು ಕೇಳಬಹುದು. ಧಾರಾಳವಾಗಿದ್ದಾರೆ. ಆದರೆ ಕುಂದಾಪುರದ ಕಡೆಯನ್ನು ಬಿಟ್ಟರೆ ಅವರಲ್ಲಿ ಬಹುಪಾಲು ಜನರ ಮನೆಮಾತು ತುಳು, ಕೊಂಕಣಿ, ಮಲೆಯಾಳ. ಹಾಗಾಗಿ ಕಡಲಿನ ನುಡಿಗಟ್ಟು ಆ ಭಾಷೆಗಳ ಪಾಲಾಯಿತು. ಗ್ರಂಥದ ಕನ್ನಡಕ್ಕೆ ಅದು ಹರಿದು ಬಂದದ್ದು ಸ್ವಲ್ಪವೇ. ಶಿವರಾಮ ಕಾರಂತರ ಮಹಾಕಾದಂಬರಿ ಕಡಲ ದಂಡೆಯ ಊರಿನ ಕಥೆಯಾಗಿಯೂ ಹೆಸರಿನಲ್ಲಿ ಹಿಡಿದುಕೊಂಡದ್ದು ಮಣ್ಣನ್ನು: 'ಮರಳಿ ಮಣ್ಣಿಗೆ'. ಒಳನಾಡಿನ ಜಿ. ಎಸ್. ಶಿವರುದ್ರಪ್ಪನವರು ಕಡಲನ್ನು ಕುರಿತು ಬರೆದಾಗ ಅದು ಕಾಣದ ಕಡಲು, ಹಂಬಲದ ಕಡಲು.

ಕನ್ನಡಿಗನಿಗೆ ಕಣ್ಣೆದುರಿಗಿದ್ದ ನೀರು ಹೊಳೆಯದು. ಹೊಳೆಯಲ್ಲಿ ಹಡಗಿಗೇನು ಕೆಲಸ? ಅಲ್ಲಿ ಬೇಕಾದದ್ದು ಆಚೆ ದಡ. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್, ಆನೆಗೊಂದಿಯ ಕಡೆಗೆ ಜನರು ಬುಟ್ಟಿಯಂತೆ ಗುಂಡಾದ ದೋಣಿಗಳಲ್ಲಿ ತುಂಗಭದ್ರೆಯನ್ನು ದಾಟುತ್ತಿದ್ದುದನ್ನು ವರ್ಣಿಸಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ. ಹದಿನೈದಿಪ್ಪತ್ತು ಜನ ಕೂರುವಷ್ಟು ಸ್ಥಳ. ಅಗತ್ಯಬಿದ್ದರೆ ಕುದುರೆ, ಎತ್ತುಗಳೂ ಅದರಲ್ಲಿಯೇ ದಾಟುತ್ತಿದ್ದುವಂತೆ. ಅದು ಸದಾ ತಿರುಗುತ್ತಲೇ ಸಾಗುತ್ತದೆಂಬುದನ್ನೂ ಅವನು ಬರೆಯಲು ಮರೆತಿಲ್ಲ. ಇದೇ ನಮ್ಮ ಹರಿಗೋಲು. ಅದಕ್ಕೆ ಮುಂಭಾಗ ಹಿಂಭಾಗಗಳಿಲ್ಲ, ಹಾಯಿಯಿಲ್ಲ, ಚುಕ್ಕಾಣಿಯಿಲ್ಲ. ಒಳಗೆ ಕುಳಿತವನು ಮಾಡಬಹುದಾದ ಕೆಲಸ ಒಂದೇ: ಅಲುಗದೆ ಕುಳಿತು ಅಂಬಿಗನನ್ನು ನಂಬುವುದು.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಪುರಂದರದಾಸರದೆಂದು ಪ್ರಸಿದ್ಧವಾದ ಅಂಬಿಗನ ಕೀರ್ತನೆಯನ್ನು ಓದಿದರೆ ಅದರ ಸ್ವಾರಸ್ಯ ಇಮ್ಮಡಿಯಾಗುತ್ತದೆ. ಭವಸಾಗರವೆಂಬ ರೂಪಕ ಸಂಸ್ಕೃತದಿಂದ ಬಂದದ್ದು, ಅಲ್ಲಿ ಸಮುದ್ರವಿದೆ. ದಾಸರು ಆ ಸಮುದ್ರವನ್ನು ದಾಟಲು ಹಡಗನ್ನು ತರಲಿಲ್ಲ, ತುಂಗಭದ್ರೆಯ ಹರಿಗೋಲನ್ನೇ ತಂದರು. ಒಂಬತ್ತು ತೂತುಗಳುಳ್ಳ ದೇಹವೇ ಆ ಹರಿಗೋಲು. ತೂತು ಬಿದ್ದ ಹರಿಗೋಲು, ಸುಳಿಯಿರುವ ಹೊಳೆ, ಕೈಯಲ್ಲಿ ಏನೂ ಇಲ್ಲದ ಪಯಣಿಗ! ಚುಕ್ಕಾಣಿಯುಳ್ಳ ಹಡಗಿನಲ್ಲಿ ಕೂರಿಸಿದ್ದರೆ ಶರಣಾಗತಿಯ ಭಾವ ಇಷ್ಟು ತೀವ್ರವಾಗಿ ಮೂಡುತ್ತಿರಲಿಲ್ಲವೆಂದು ನಾವು ಭಾವಿಸುತ್ತೇವೆ. ವಿಮರ್ಶಕರು ಈ ಕೀರ್ತನೆಯ ಭಕ್ತಿಯನ್ನು ಕೊಂಡಾಡಿದಷ್ಟು ಅದರ ದೋಣಿಯನ್ನು ನೋಡಿಲ್ಲ.

ಜನರ ಮಾತಿನಲ್ಲಿಯೂ ಅದೇ ಪಯಣಿಗ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎನ್ನುತ್ತೇವೆ. (ಹಳ್ಳಿಯ ಬಾಯಲ್ಲಿ ಈ ಗಾದೆಯ ಕೊನೆಯ ಪದ ಬೇರೆ, ಅದು ಸಂಚಿಕೆಯಲ್ಲಿ ಅಚ್ಚು ಮಾಡತಕ್ಕದ್ದಲ್ಲ.) ಎರಡು ದೋಣಿಯ ಮೇಲೆ ಕಾಲಿಟ್ಟವನು, ನಡುನೀರಿನಲ್ಲಿ ಕೈಬಿಟ್ಟವನು, ಹೇಗೋ ದಡ ಮುಟ್ಟಿದವನು, ಮಕ್ಕಳನ್ನು ದಡ ಹತ್ತಿಸಿದವನು, ಇವರೆಲ್ಲರೂ ಒಂದೋ ದಾಟುವವರು, ಇಲ್ಲವೇ ದಾಟಿಸುವುದಾಗಿ ಹೇಳಿ ಕೈಕೊಟ್ಟವರು. ದೋಣಿ ಹೇಗೆ ನಡೆಯುತ್ತದೆಂಬ ಮಾತು ಇವುಗಳಲ್ಲಿ ಒಂದರಲ್ಲಿಯೂ ಇಲ್ಲ.

ಸಂಸ್ಕೃತದಿಂದ ನಾವು ಪಡೆದ ತತ್ಸಮಗಳಲ್ಲಿಯೂ ಈ ದಾಟುವ ದೃಷ್ಟಿಯೇ ಪ್ರಧಾನವಾಗಿದೆ. ಉಪಾಧ್ಯಾಯರಾದ ನಮಗೆ ಇವು ಹಗಲಿರುಳು ಬೇಕಾದ ಮಾತುಗಳು. ಆದರೂ ಇವುಗಳ ಒಳಗಿನ ನೀರನ್ನು ನಾವು ಮಕ್ಕಳಿಗೆ ತೋರಿಸುವುದಿಲ್ಲ. ಫಲಿತಾಂಶದ ಹಲಗೆಯ ಮೇಲೆ 'ಉತ್ತೀರ್ಣ' ಎಂದು ಬರೆಯುತ್ತೇವೆ. ತೄ ಎಂದರೆ ದಾಟು. ಉತ್ತೀರ್ಣನೆಂದರೆ ನೀರನ್ನು ದಾಟಿ ದಡಕ್ಕೆ ಏರಿದವನು. 'ದುಸ್ತರ'ವೆಂದರೆ ದಾಟಲು ಕಷ್ಟವಾದದ್ದು. 'ಪಾರ'ವೆಂದರೆ ಆಚೆಯ ದಡ. ಅದನ್ನು ಮುಟ್ಟಿದವನು 'ಪಾರಂಗತ', ಅದು ಕಾಣದಷ್ಟು ವಿಸ್ತಾರವಾದದ್ದು 'ಅಪಾರ', ಅಪಾಯದಿಂದ ಆಚೆಗೆ ಬಂದವನು 'ಪಾರಾದ'ವನು. 'ಕೂಲ' ಎಂದರೂ ದಂಡೆಯೇ. ದಂಡೆಯನ್ನು ಅನುಸರಿಸಿ ಹೋಗುವುದು 'ಅನುಕೂಲ', ಅದಕ್ಕೆ ಎದುರಾದದ್ದು 'ಪ್ರತಿಕೂಲ'. ಎರಡು ದಂಡೆಗಳನ್ನೂ ಕೆರೆದುಕೊಂಡು ಹರಿಯುವ ತುಂಬುಹೊಳೆ 'ಕೂಲಂಕಷ'. ಆದುದರಿಂದಲೇ ಏನೂ ಬಿಡದೆ ನೋಡುವುದು ಕೂಲಂಕಷವಾದ ಪರಿಶೀಲನೆ. ಮೇಲಧಿಕಾರಿಗಳು ಕೂಲಂಕಷವಾಗಿ ಪರಿಶೀಲಿಸಲಾಗುವುದು ಎಂದು ಬರೆದಾಗ ಹೊಳೆ ಎಷ್ಟು ತುಂಬಿ ಬರುತ್ತದೆಂಬುದು ಬೇರೆ ವಿಚಾರ. ಇನ್ನು 'ತೀರ್ಥ'ವು ನೀರಿಗೆ ಇಳಿಯುವ, ದಾಟುವ ಸ್ಥಳ. 'ತೀರ್ಥಂಕರ'ನು ಅಂಥ ದಾಟುದಾರಿಯನ್ನು ಮಾಡಿಕೊಟ್ಟವನು. ಜೈನರು ತಮ್ಮ ಅತ್ಯುನ್ನತ ಪುರುಷನಿಗೆ ಇಟ್ಟ ಹೆಸರು ಹೊಳೆಯ ದಂಡೆಯದೆಂಬುದು ಚಿಂತನಾರ್ಹ.

ನಾವಿಕನ ಕೈಗೆ ಸೇರಿದ ಮಾತು ಈ ಗುಂಪಿನಲ್ಲಿ ಮುಖ್ಯವಾಗಿ ಒಂದೇ, 'ಕರ್ಣಧಾರ'. ಇಲ್ಲಿ ಕರ್ಣವೆಂದರೆ ಕಿವಿಯಲ್ಲ, ಚುಕ್ಕಾಣಿ. ಚುಕ್ಕಾಣಿ ಹಿಡಿದವನು ಎಂಬರ್ಥದಿಂದ ಮುಖಂಡನೆಂಬ ಅರ್ಥ ಬಂತು. ಇಂಗ್ಲಿಷಿನ 'ಗವರ್ನರ್' ಕೂಡ ಗ್ರೀಕ್ ಲ್ಯಾಟಿನ್‌ಗಳ ಚುಕ್ಕಾಣಿಯವನೇ. ಆ ಗ್ರೀಕ್ ಪದದಿಂದಲೇ 1948ರಲ್ಲಿ ನಾರ್ಬರ್ಟ್ ವೀನರ್ 'ಸೈಬರ್ನೆಟಿಕ್ಸ್' ಎಂಬ ಹೆಸರನ್ನು ತನ್ನ ಶಾಸ್ತ್ರಕ್ಕೆ ಇಟ್ಟನು. ಇಂದು ಪತ್ರಿಕೆಗಳಲ್ಲಿ ನಿತ್ಯ ಕಾಣುವ 'ಸೈಬರ್' ಅದರ ತುಂಡು. ಗೌರ್ಮೆಂಟು ಎನ್ನುವ ನಮ್ಮ ರೈತನೂ ಅರಿಯದೆ ಹಡಗಿನ ಮಾತನ್ನೇ ಆಡುತ್ತಿದ್ದಾನೆ.

ಕನ್ನಡದಲ್ಲಿ ಅಂಬಿಗನೇ ಬಾಯಿಬಿಟ್ಟು ಮಾತನಾಡಿದ ಪ್ರಸಂಗ ಇಲ್ಲವೇ ಇಲ್ಲವೇ? ಉಂಟು. ಅದು ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯ. ಬೇರೆ ವಚನಕಾರರು ಇಷ್ಟದೈವದ ಹೆಸರನ್ನು ಅಂಕಿತವಾಗಿಟ್ಟುಕೊಂಡರೆ ಈತನು ಕಸುಬು ಸೇರಿದ ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡನು. ಈತನ ಮಾತಿನ ಬಿರುಸು ಎಲ್ಲರಿಗೂ ತಿಳಿದದ್ದೇ. ಕೆಲವರು ಅದನ್ನು ಒರಟುತನವೆಂದು ಸಂಕೋಚಪಟ್ಟು ಹೇಳುತ್ತಾರೆ. ನಮಗೆ ಹಾಗೆ ತೋರುವುದಿಲ್ಲ. ಪಯಣಿಗನು ನಂಬುತ್ತಾನೆ, ಮೊರೆಯಿಡುತ್ತಾನೆ, ದಾಟಿದ ಮೇಲೆ ಮರೆಯುತ್ತಾನೆ. ಅಂಬಿಗನಾದರೋ ಹತ್ತಿದವರಿಗೆಲ್ಲ ಎಲ್ಲಿ ಕೂರಬೇಕು, ಎಷ್ಟು ಭಾರ ಹೇರಬೇಕು ಎಂದು ಗದರಿಸಿ ಹೇಳಬೇಕಾದವನು. ಹಾಗೆ ಗದರಿಸದಿದ್ದರೆ ಹರಿಗೋಲು ಮಗುಚುತ್ತದೆ. ಚೌಡಯ್ಯನ ದನಿ ಆ ಗದರಿಕೆಯ ದನಿ. ಇಂಗ್ಲಿಷ್ ನಾವಿಕನ ಗಿಡ್ಡ ಒರಟು ಮಾತಿಗೆ ಕನ್ನಡದಲ್ಲಿ ಸಮಾನವಾದುದನ್ನು ಹುಡುಕುವವರು ಇಲ್ಲಿ ಹುಡುಕಬೇಕು. ದಾಸರ ಕೀರ್ತನೆಯನ್ನೂ ಚೌಡಯ್ಯನ ವಚನವನ್ನೂ ಒಂದೇ ದಿನ ತರಗತಿಯಲ್ಲಿ ಓದಿಸಿದರೆ, ದೋಣಿಯ ಒಳಗಿನ ಇಬ್ಬರೂ ಮಾತನಾಡಿದಂತಾಗುತ್ತದೆ.

ಅನುವಾದದ ವಿಚಾರಕ್ಕೆ ಬಂದರೆ, ಪರೀಕ್ಷೆಯ ಕೈಪಿಡಿಗಳೂ ಅವಸರದ ಪತ್ರಿಕಾಭಾಷೆಯೂ ಇಂಗ್ಲಿಷಿನ ನೌಕಾನುಡಿಗಳನ್ನು ಪದಕ್ಕೆ ಪದವಿಟ್ಟು ಕನ್ನಡಕ್ಕೆ ಇಳಿಸುತ್ತಲೇ ಇವೆ. ಅವುಗಳಲ್ಲಿ ಕೆಲವು ನಿಂತಿವೆ, ಹಲವು ನಿಂತಿಲ್ಲ, ಇದಕ್ಕೆ ಕಾರಣವಿರಬೇಕಲ್ಲ? 'ನಾವೆಲ್ಲ ಒಂದೇ ದೋಣಿಯ ಪಯಣಿಗರು' ಎಂಬ ಮಾತು ಇಂಗ್ಲಿಷಿನಿಂದ ಬಂದದ್ದಾದರೂ ಕನ್ನಡದಲ್ಲಿ ಚೆನ್ನಾಗಿ ಬೇರೂರಿದೆ. ಮೂಲದಲ್ಲಿ ಇಲ್ಲದ 'ಪಯಣಿಗರು' ಎಂಬ ಪದವನ್ನು ಕನ್ನಡ ತಾನಾಗಿ ಸೇರಿಸಿಕೊಂಡಿತೆಂಬುದು ಸ್ವಾರಸ್ಯ. ನಮ್ಮ ದೋಣಿಯಲ್ಲಿ ಪಯಣಿಗನ ಸ್ಥಾನ ಮೊದಲೇ ಸಿದ್ಧವಾಗಿತ್ತು. ಹೊಸ ಮಾತು ಬಂದು ಅಲ್ಲಿ ಕುಳಿತುಕೊಂಡಿತು. 'ಆಡಳಿತದ ಚುಕ್ಕಾಣಿ ಹಿಡಿ' ಎಂಬುದು ಕರ್ಣಧಾರನ ಬೆನ್ನು ಹಿಡಿದು ಬಂತು, ನಿಂತಿತು. 'ಪ್ಲೇನ್ ಸೇಲಿಂಗ್' ಎಂಬುದಕ್ಕೆ 'ಸರಳ ನೌಕಾಯಾನ' ಎಂದದ್ದು ಮಾತ್ರ ಪುಸ್ತಕದಲ್ಲಿಯೇ ಉಳಿಯಿತು. ಅದಕ್ಕೆ ಸುಲಿದ ಬಾಳೆಹಣ್ಣು ಎಂದರೆ ಮುಗಿಯಿತು. 'ನೋ ದ ರೋಪ್ಸ್' ಎಂಬುದಕ್ಕೆ ಹಗ್ಗವನ್ನೇಕೆ ತರಬೇಕು? ಪಳಗಿದ ಕೈ ಎನ್ನೋಣ. 'ಮಿಸ್ ದ ಬೋಟ್' ಎಂಬುದಕ್ಕೆ ದೋಣಿ ತಪ್ಪಿತೆಂದು ಬರೆಯಿಸುವ ಬದಲು ಬಸ್ಸು ತಪ್ಪಿತೆಂದರೆ ಸಾಕು. ದಿಂಬಂ ಘಟ್ಟದ 27 ತಿರುವುಗಳನ್ನು ಹತ್ತಿ ಬರುವ ಬಸ್ಸು ತಪ್ಪಿದರೆ ಏನಾಗುತ್ತದೆಂದು ನಮ್ಮ ಹುಡುಗರಿಗೆ ವಿವರಿಸಬೇಕಾಗಿಲ್ಲ.

'ಆಪರ್ಚುನಿಟಿ' ಎಂಬ ಪದವನ್ನು ಇಲ್ಲಿ ವಿಶೇಷವಾಗಿ ಎತ್ತಿಕೊಳ್ಳುತ್ತೇವೆ. ಇದು ಲ್ಯಾಟಿನ್ ಮೂಲದ್ದು. ಬಂದರಿನ ಕಡೆಗೆ ಬೀಸುವ ಗಾಳಿಯನ್ನು ಕುರಿತ ಪದದಿಂದ ಹುಟ್ಟಿದ್ದು. ಆ ಗಾಳಿ ಬಂದಾಗ ಹಡಗು ಒಳಗೆ ಬರಬೇಕು, ತಪ್ಪಿದರೆ ಕಾಯಬೇಕು. ಕನ್ನಡದ ಗಾದೆ ಏನು? ಗಾಳಿ ಬಂದಾಗ ತೂರಿಕೊ. ಗಾಳಿ ಎರಡು ಕಡೆಯೂ ಒಂದೇ. ಅಲ್ಲಿ ಅದು ಹಾಯಿಗೆ ಬೀಸಿತು, ಇಲ್ಲಿ ಕಣದಲ್ಲಿ ರಾಗಿಯ ಹೊಟ್ಟನ್ನು ಹಾರಿಸಲು ಬೀಸಿತು. ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಹೇಳಿದರೆ ಮಗುವಿಗೆ ಇಂಗ್ಲಿಷ್ ಪದದ ಒಳಗೂ ತಿಳಿಯುತ್ತದೆ, ತನ್ನ ಅಜ್ಜಿಯ ಮಾತಿನ ಬೆಲೆಯೂ ತಿಳಿಯುತ್ತದೆ. 'ಅವಕಾಶ' ಎಂದು ಒಂದು ಪದದ ಅರ್ಥ ಬರೆಸಿ ಮುಗಿಸಿದರೆ ಎರಡೂ ನಷ್ಟ.

ಇಷ್ಟು ದೀರ್ಘವಾಗಿ ಹೇಳುವುದಕ್ಕೆ ಗಡಿನಾಡಿನ ಸ್ಥಿತಿಯೇ ಕಾರಣ. 1956ರಲ್ಲಿ ಕೊಳ್ಳೇಗಾಲವು ಮೈಸೂರಿಗೆ ಸೇರಿತು, ತಾಳವಾಡಿಯು ಮದ್ರಾಸ್ ರಾಜ್ಯದಲ್ಲಿಯೇ ಉಳಿಯಿತು. ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಸುತ್ತಲಿನ ವ್ಯವಹಾರದಲ್ಲಿ ತಮಿಳು, ಪುಸ್ತಕದಲ್ಲಿ ಇಂಗ್ಲಿಷು ಹೀಗೆ ಮೂರು ದಡಗಳ ನಡುವೆ ಇರುವವರು. ಇಂಥ ಕಡೆ ಕನ್ನಡದ ನುಡಿಗಟ್ಟು ಮರೆತುಹೋಗಲು ಹೆಚ್ಚು ಕಾಲ ಬೇಕಾಗಿಲ್ಲ. ವ್ಯಾಕರಣ ಉಳಿಯುತ್ತದೆ, ಪದಗಳೂ ಉಳಿಯುತ್ತವೆ. ಅನುವಾದದ ಕನ್ನಡವೇ ಕನ್ನಡವೆಂದು ಮಕ್ಕಳು ತಿಳಿಯುತ್ತಾರೆ. ತಮಿಳಿನಿಂದ ನಮಗೆ ಈ ವಿಷಯದಲ್ಲಿ ಭಯವಿಲ್ಲ, ಸಹಾಯವೇ ಉಂಟು. ಓಡವೂ ಒಂದು ದಿನ ಬಂಡಿಯೇರುತ್ತದೆ, ಬಂಡಿಯೂ ಒಂದು ದಿನ ಓಡವೇರುತ್ತದೆ ಎಂಬರ್ಥದ ಗಾದೆಯನ್ನು ತಮಿಳರು ಧಾರಾಳವಾಗಿ ಬಳಸುತ್ತಾರೆ. 'ಓಡ'ವೆಂದರೆ ದೋಣಿ ಎಂಬುದು ನಮ್ಮ ನಿಘಂಟಿನಲ್ಲಿಯೂ ಇದೆ, ತುಳುವಿನಲ್ಲಿಯೂ ಇದೆ. ಕನ್ನಡದ ಬಳಕೆಯಿಂದ ಮಾತ್ರ ಜಾರಿದೆ. ಇಂಗ್ಲಿಷರೂ 'ಕಟಮರಾನ್' ಎಂಬ ಪದವನ್ನು ತಮಿಳರ ಕಟ್ಟುಮರದಿಂದಲೇ ಕೊಂಡೊಯ್ದರು. ಕಡಲನ್ನು ಆಳಿದವರಿಗೂ ನಾಲ್ಕು ಮರದ ದಿಮ್ಮಿಯ ತೆಪ್ಪದ ಹೆಸರು ಬೇಕಾಯಿತು.

ನಮ್ಮ ಬೆಟ್ಟದ ಕೆಳಗಿನ ಮೋಯಾರು ಹೊಳೆಯನ್ನು ದಾಟಿ ತೆಂಗುಮರಹಾಡಕ್ಕೆ ಹೋಗುವವರು ಬಹುಕಾಲ ಹರಿಗೋಲಿನಲ್ಲಿಯೇ ದಾಟಿದವರು, ಹೊಗೆನಕಲ್ಲಿನಲ್ಲಿಯೂ ಹರಿಗೋಲೇ. ತಮಿಳರು ಇದನ್ನು 'ಪರಿಸಲ್' ಎನ್ನುತ್ತಾರೆ. ಬಿದಿರಿನ ದಬ್ಬೆಗೆ, ಹುಟ್ಟಿನ ಹಿಡಿಗೆ, ಸುಳಿಗೆ, ಸೆಳೆತಕ್ಕೆ, ತೂತು ಮುಚ್ಚುವ ಕೆಲಸಕ್ಕೆ, ಭಾರ ಹೆಚ್ಚಾದಾಗ ಗದರಿಸುವುದಕ್ಕೆ ಅಲ್ಲಿನ ಅಂಬಿಗರು ಏನೇನು ಮಾತು ಬಳಸುತ್ತಾರೆಂಬುದನ್ನು ಆ ಕಡೆಯ ಶಾಲೆಗಳ ಉಪಾಧ್ಯಾಯ ಮಿತ್ರರು ಕೇಳಿ ಬರೆದುಕೊಂಡರೆ, ಕನ್ನಡ ತಮಿಳು ಎರಡರಲ್ಲಿಯೂ ಬರೆದುಕೊಂಡರೆ, ಮುಂದಿನ ಸಂಚಿಕೆಗೆ ಅದಕ್ಕಿಂತ ಬೆಲೆಬಾಳುವ ಲೇಖನ ಬೇಕಾಗಲಾರದು. ಈ ಲೇಖನದಲ್ಲಿ ಪಯಣಿಗನ ಮಾತು ಹೆಚ್ಚಾಗಿದೆ. ಅಂಬಿಗನನ್ನು ಇನ್ನೂ ಕೇಳಬೇಕಾಗಿದೆ.